ನಿಮ್ಮ ಬೀದಿಯಲ್ಲೊಂದು ಗಿಡಗಳ ಹಬ್ಬ ಮಾಡುವುದು ಹೇಗೆ?

ಮೈಸೂರಿನ ನಮ್ಮ ಬಡಾವಣೆಯಲ್ಲಿ ಮೊದಲ ಸಲ ಇಂಥ ಕಾರ್ಯಕ್ರಮ ಮಾಡಿದಾಗ ನಾವು 60 ಸಸಿ ಹಂಚಿದೆವು. ಫೋಟೊ ತೆಗೆದೆವು, ತಿಂಡಿ ತಿಂದೆವು, ಮನೆಗೆ ಹೋದೆವು. ಮುಂದಿನ ಬೇಸಿಗೆಯಲ್ಲಿ ಹುಡುಕಿಕೊಂಡು ಹೋದರೆ 4 ಸಸಿ ಉಳಿದಿದ್ದವು. ತುಂಬಾ ಬೇಜಾರಾಯಿತು.

ಆದರೆ ಅದೇ ದಿನ ಪಾರ್ಕಿನ ಮೂಲೆಯಲ್ಲಿ ಇನ್ನೊಂದು ನಡೆದಿತ್ತು. ಅಜ್ಜಿಯೊಬ್ಬರು ಹೊಂಗೆ ಮರದ ಕೆಳಗೆ ಕೂತು, ಬಿದ್ದ ಕಾಯಿ ಬಿಡಿಸುತ್ತಾ, “ಇದರ ಎಣ್ಣೇಲೇ ಕಣ್ರೋ ನಮ್ಮನೆ ದೀಪ ಉರೀತಿದ್ದುದು” ಎಂದು ನಾಲ್ಕೈದು ಮಕ್ಕಳಿಗೆ ಹೇಳುತ್ತಿದ್ದರು. ಆ ಮಕ್ಕಳು ಈಗಲೂ ಅದನ್ನು ದೀಪದ ಮರ ಎನ್ನುತ್ತಾರೆ. ಆ ಮರದ ಕೊಂಬೆಗೆ ಯಾರಾದರೂ ಕೈ ಹಾಕಿದರೆ ಓಡಿ ಬಂದು ಕೇಳುತ್ತಾರೆ. ಹಂಚಿದ ಸಸಿಗಳ ಹೆಸರು ಮಾತ್ರ ಒಬ್ಬರಿಗೂ ನೆನಪಿಲ್ಲ.

ಅಂದಿನಿಂದ ನಮ್ಮ ಹಬ್ಬದ ಕ್ರಮವೇ ಬದಲಾಯಿತು. ಮೊದಲು ಬೀದಿಯಲ್ಲಿ ಈಗಾಗಲೇ ಇರುವ ಗಿಡದ ಗುರುತು, ಆಮೇಲೆ ಅದರಿಂದ ಒಂದು ಚಿತ್ರ, ಒಂದು ಬಣ್ಣ, ಒಂದು ಕತೆ. ನೆಡುವುದು ಕೊನೆಗೆ, ಅದೂ ಸ್ವಲ್ಪವೇ. ನೀವೂ ನಿಮ್ಮ ಊರಲ್ಲಿ ಹೀಗೆ ಮಾಡಬೇಕೆಂದಿದ್ದರೆ, ನಾವು ಮಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು: ಯಾವುದು ನಮ್ಮ ನೆಲದ ಗಿಡ?

ಸಂಘಟಿಸುವ ನಾಲ್ಕೈದು ಮಂದಿ ಒಂದು ಸಂಜೆ ಕೂತು ಇದನ್ನು ಮಾತಾಡಿಕೊಳ್ಳಬೇಕು. ಇದರಲ್ಲಿ ಎಲ್ಲರೂ ಎಡವುತ್ತಾರೆ. ಚಿಕ್ಕಂದಿನಿಂದ ನೋಡಿದ ಮರವೆಲ್ಲ ನಮ್ಮದೇ ಅನಿಸುತ್ತದೆ, ಅಲ್ವಾ?

ಬೇಸಿಗೆಯಲ್ಲಿ ಕೆಂಪಗೆ ಹೂ ಬಿಡುವ ಗುಲ್‌ಮೊಹರ್, ಅಂದರೆ ಕತ್ತಿಕಾಯಿ ಮರ, ಮಡಗಾಸ್ಕರ್‌ನಿಂದ ಬಂದದ್ದು. ರಸ್ತೆ ತುಂಬ ನೆರಳು ಕೊಡುವ ಮಳೆಮರ ಅಮೆರಿಕ ಖಂಡದ್ದು. ಬಳ್ಳಾರಿ ಜಾಲಿ ಬಳ್ಳಾರಿಯದಲ್ಲ, ಅದೂ ಅಮೆರಿಕ ಖಂಡದಿಂದಲೇ ಬಂದು ಬಯಲುಸೀಮೆಯಲ್ಲಿ ಹಬ್ಬಿಕೊಂಡಿದೆ. ನಮ್ಮ ಜಾಲಿ ಎಂದರೆ ಕರಿಜಾಲಿ. ಆಯುಧ ಪೂಜೆಗೆ ಗಾಡಿಗೆ ಕಟ್ಟುವ ಚೆಂಡು ಹೂವಿನ ತವರು ಮೆಕ್ಸಿಕೊ. ಮುಡಿಯುವ ಕನಕಾಂಬರ ಮಾತ್ರ ಅಪ್ಪಟ ದಕ್ಷಿಣ ಭಾರತದ್ದು. ಹುಣಸೆಯ ವಿಷಯ ಹೇಳಿದಾಗ ನಮ್ಮ ಗುಂಪಿನಲ್ಲಿ ಯಾರೂ ನಂಬಲಿಲ್ಲ. ಹುಣಸೂರು ಎಂದು ಊರಿಗೇ ಹೆಸರಿಟ್ಟಿರುವ ಮರ ಬಹಳ ಹಿಂದೆ ಆಫ್ರಿಕಾದಿಂದ ಬಂದದ್ದು!

ಹಾಗಂತ ಹುಣಸೆ ಮರವನ್ನು ದೂರಬೇಕಿಲ್ಲ. ಹೊರಗಿನಿಂದ ಬಂದು ನಮ್ಮೊಂದಿಗೆ ಬಾಳುತ್ತಿರುವ ಗಿಡ ಬೇರೆ. ಬಂದು ಉಳಿದೆಲ್ಲವನ್ನೂ ಮುಚ್ಚಿಹಾಕುವ ಲಂಟಾನ, ಪಾರ್ಥೇನಿಯಂ ಬೇರೆ. ಈ ವ್ಯತ್ಯಾಸ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ನೆಂಟ, ಮನೆಯವ, ಜಾಗ ಕಬಳಿಸಿದವ ಎಂದು ಹೇಳಿದರೆ ಸಾಕು.

ನಮ್ಮ ಪಟ್ಟಿಯಲ್ಲಿ ಹೊಂಗೆ, ಬೇವು, ನೇರಳೆ, ಅರಳಿ, ಅತ್ತಿ, ಬಸರಿ, ಮುತ್ತುಗ, ರಂಜ, ಸಂಪಿಗೆ, ಪಾರಿಜಾತ, ಕರಿಬೇವು, ಎಕ್ಕ, ತುಂಬೆ, ಒಂದೆಲಗ, ಬಸಳೆ ಇವೆ. ನಿಮ್ಮದು ಬೇರೆಯೇ ಇರಬೇಕು. ಕರಾವಳಿಯವರಾದರೆ ಸುರಹೊನ್ನೆ, ಹೊಳೆಬದಿಯ ಕಾಂಡ್ಲಾ ಸೇರಿಸಿ. ಮಲೆನಾಡಿನವರಿಗೆ ಸುರಗಿ ಇದೆ. ಉತ್ತರದ ಬಯಲಿನವರಿಗೆ ಬನ್ನಿ, ಕರಿಜಾಲಿ. ಮೈಸೂರಿನ ಪಟ್ಟಿಯನ್ನು ಕಾರವಾರದಲ್ಲಿ ಹಿಡಿದುಕೊಂಡು ಓಡಾಡಬೇಡಿ. 12ರಿಂದ 15 ಗಿಡ ಸಾಕು. ಜಾಸ್ತಿಯಾದರೆ ಒಂದೂ ತಲೆಯಲ್ಲಿ ನಿಲ್ಲುವುದಿಲ್ಲ.

ದಿನ, ಜಾಗ, ಅನುಮತಿ

ನಮಗೆ ಹೊಂದಿದ್ದು ಜುಲೈನ ಒಂದು ಭಾನುವಾರ. ಬೆಳಿಗ್ಗೆ 7.30ಕ್ಕೆ ಶುರು, 12.30ಕ್ಕೆ ಊಟ. ಆ ಹೊತ್ತಿಗೆ ಮುಂಗಾರು ಹಿಡಿದಿರುತ್ತದೆ, ನೇರಳೆ ಹಣ್ಣು ಉದುರುತ್ತಿರುತ್ತದೆ, ಬೇವಿನ ಬೀಜ ಸಿಗುತ್ತದೆ. 1950ರಲ್ಲಿ ಆಗಿನ ಕೇಂದ್ರ ಕೃಷಿ ಸಚಿವ ಕೆ.ಎಂ. ಮುನ್ಷಿಯವರು ಶುರುಮಾಡಿದ ವನಮಹೋತ್ಸವವನ್ನು ಜುಲೈ ಮೊದಲ ವಾರದಲ್ಲಿ ಆಚರಿಸುವುದೂ ಮಳೆಯ ಲೆಕ್ಕದಲ್ಲೇ. ಮಂಗಳೂರು, ಉಡುಪಿ ಕಡೆ ಜುಲೈನಲ್ಲಿ ಹೊರಗೆ ಜಮಖಾನ ಹಾಸಲು ಆಗುವುದಿಲ್ಲ. ಅಲ್ಲಿ ಮಳೆ ಬಿಟ್ಟ ಮೇಲೆ, ನವೆಂಬರ್ ಹೊತ್ತಿಗೆ ಮಾಡಿ. ಕೊಡಗಿನವರಿಗೆ ಸಿದ್ಧ ದಿನವೇ ಇದೆ. ಆಗಸ್ಟ್ 3ರಂದು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ಮನೆಮನೆಯಲ್ಲೂ ಆಗುತ್ತದೆ. ಅದರ ಸುತ್ತ ಹಬ್ಬ ಕಟ್ಟಿದರೆ ಬೇರೆ ನೆಪ ಬೇಕಿಲ್ಲ.

ಜಾಗಕ್ಕೆ ಬಡಾವಣೆಯ ಪಾರ್ಕ್, ಶಾಲೆಯ ಮೈದಾನ ಅಥವಾ ಅರಳಿಕಟ್ಟೆ. ನನ್ನ ಮೊದಲ ಆಯ್ಕೆ ಅರಳಿಕಟ್ಟೆ. ಕೂರಲು ಕಟ್ಟೆ, ನೆರಳು ಎರಡೂ ಇರುತ್ತವೆ. ಅಲ್ಲಿ ದಿನಾ ಕೂರುವ ತಾತಂದಿರು ತಾವಾಗಿಯೇ ಸೇರಿಕೊಳ್ಳುತ್ತಾರೆ. ಪಾರ್ಕ್ ಆದರೆ ಅದನ್ನು ನೋಡಿಕೊಳ್ಳುವ ಕಚೇರಿಗೆ ಮೂರು ವಾರ ಮೊದಲೇ ಅರ್ಜಿ ಕೊಡಿ, ಸಹಿಯಾದ ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನ ಒಪ್ಪಿಗೆ ನಂಬಿ ಒಂದು ಸಲ ನಾವು ಬೀಗ ಹಾಕಿದ ಗೇಟಿನ ಮುಂದೆ ಮಕ್ಕಳ ಜೊತೆ ಒಂದು ಗಂಟೆ ನಿಂತಿದ್ದೆವು. ಹತ್ತಿರದಲ್ಲಿ ಶೌಚಾಲಯ ಇರುವುದನ್ನೂ, ಅದರ ಬೀಗದ ಕೈ ಯಾರ ಹತ್ತಿರ ಇದೆ ಎಂಬುದನ್ನೂ ನೋಡಿಕೊಳ್ಳಿ. ಇದಿಲ್ಲದಿದ್ದರೆ ವಯಸ್ಸಾದವರು, ಪುಟ್ಟ ಮಕ್ಕಳ ತಾಯಂದಿರು ಬರುವುದೇ ಇಲ್ಲ.

ಜಾಗ ನೋಡಲು ಹೋದಾಗ ತಲೆ ಎತ್ತಿ ಮರಗಳ ಕೊಂಬೆ ನೋಡಿ. ಹೆಜ್ಜೇನು ಕಟ್ಟಿದ್ದರೆ ಜಾಗ ಬದಲಿಸಿ. ಅದರ ಕೆಳಗೆ ಹೊಗೆ, ಧ್ವನಿವರ್ಧಕ, ಮಕ್ಕಳ ಗಲಾಟೆ ಮೂರೂ ಅಪಾಯ.

ಎರಡು ವಾರ ಮೊದಲು: ಬೀದಿ ಸುತ್ತಿ

ಒಂದು ನೋಟ್‌ಬುಕ್ ಹಿಡಿದು ನಾಲ್ಕು ಬೀದಿ ನಡೆಯಿರಿ. ಯಾವ ಮನೆಯ ಮುಂದೆ ಯಾವ ಮರ, ಯಾವುದು ಹೂ ಬಿಟ್ಟಿದೆ, ಯಾವುದರಲ್ಲಿ ಕಾಯಿ ಇದೆ ಎಂದು ಬರೆದುಕೊಳ್ಳಿ. ನಾಲ್ಕನೇ ತರಗತಿ ದಾಟಿದ ಇಬ್ಬರು ಮೂವರು ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ. ಆ ದಿನ ಬೇರೆ ಮಕ್ಕಳಿಗೆ ದಾರಿ ತೋರಿಸುವವರು ಇವರೇ.

ಗುರುತು ಹಿಡಿಯಲು ಫೋನಿನ ಆ್ಯಪ್‌ಗಳಿವೆ. ಬಳಸಿ, ಆದರೆ ಅದನ್ನೇ ಕೊನೆಯ ಮಾತು ಎಂದುಕೊಳ್ಳಬೇಡಿ. ನಮ್ಮಲ್ಲಿ ಹೆಚ್ಚು ಸಹಾಯ ಮಾಡಿದವರು ಮೂರು ಬಗೆಯ ಜನ. ಒಬ್ಬರು ದಿನಾ ಬೆಳಿಗ್ಗೆ ಬೀದಿ ಗುಡಿಸುವ ಪೌರಕಾರ್ಮಿಕರು. ಯಾವ ಮರ ಯಾವ ತಿಂಗಳು ಎಲೆ ಉದುರಿಸುತ್ತದೆ ಎಂದು ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಇನ್ನೊಬ್ಬರು ಸೊಪ್ಪು ಮಾರುವ ಅಮ್ಮ. ಹೊನಗೊನ್ನೆ, ಕನ್ನೆಸೊಪ್ಪು, ಅಣ್ಣೆಸೊಪ್ಪು ಬೇಲಿಯಲ್ಲಿ ಎಲ್ಲಿ ಬೆಳೆಯುತ್ತವೆ ಎಂದು ಅವರು ತೋರಿಸಿದರು. ಮೂರನೆಯವರು ಗಣೇಶನ ಹಬ್ಬಕ್ಕೆ ಪತ್ರೆ ಕೊಯ್ಯುವ ಮನೆಯ ಹಿರಿಯರು. 21 ಬಗೆಯ ಪತ್ರೆಯಲ್ಲಿ ಬಿಲ್ವ, ಗರಿಕೆ, ಉತ್ತರಣೆ, ಎಕ್ಕ, ಬನ್ನಿ, ಅರಳಿ ಎಲ್ಲ ಬರುತ್ತವೆ. ಅದನ್ನು ಗುರುತಿಸಬಲ್ಲವರು ನಿಮ್ಮ ಬೀದಿಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಈ ಮೂವರನ್ನೂ ಅತಿಥಿಗಳಾಗಿ ಕರೆಯಿರಿ. ಮನೆಗೇ ಹೋಗಿ ಕರೆಯಿರಿ, ಗೌರವದಿಂದ ಕರೆಯಿರಿ. ನಮ್ಮಲ್ಲಿ ವೇದಿಕೆ, ಭಾಷಣ, ಹಾರ ಇಲ್ಲ. ಕುರ್ಚಿ ಮಾತ್ರ ಇವರಿಗೇ ಮೊದಲು.

ಗಿಡದ ಹೆಸರಿನ ಬೋರ್ಡ್ ಬರೆಯುವಾಗ ಬೀದಿಯಲ್ಲಿರುವ ಎಲ್ಲ ಭಾಷೆಯವರನ್ನೂ ಕೇಳಿ. ಹೊಂಗೆಗೆ ತಮಿಳರು ಪುಂಗೈ ಎನ್ನುತ್ತಾರೆ, ತೆಲುಗಿನವರು ಕಾನುಗ, ಹಿಂದಿಯವರು ಕರಂಜ್. ಹಲಸಿಗೆ ಕೊಂಕಣಿಯಲ್ಲಿ ಪಣಸ, ತುಳುವಿನಲ್ಲಿ ಪೆಲಕಾಯಿ. ಹೊಸದಾಗಿ ಊರಿಗೆ ಬಂದ ಮನೆಯವರು ಈ ಒಂದು ಕಾರಣಕ್ಕೆ ಹಬ್ಬದ ಒಳಗೆ ಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೋರ್ಡಿಗೆ ಹಳೆಯ ರಟ್ಟು ಸಾಕು. ಸೆಣಬಿನ ದಾರದಲ್ಲಿ ಸಡಿಲವಾಗಿ ಕಟ್ಟಿ, ಸಂಜೆ ಬಿಚ್ಚಿ. ಮರಕ್ಕೆ ಮೊಳೆ ಹೊಡೆಯಬೇಡಿ.

ಹಿಂದಿನ ದಿನ: ಬಣ್ಣ ಕಾಯಿಸುವುದು

ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದು. ಅಂಗಡಿಯ ಪೇಂಟ್ ಡಬ್ಬಿ ತಂದರೆ ಬೇಗ ಮುಗಿಯುತ್ತದೆ, ನಿಜ. ಆದರೆ ಮಗು ತಾನು ಬಳಿದ ಬಣ್ಣ ಎದುರಿನ ಮರದಿಂದಲೇ ಬಂತು ಎಂದು ಕಂಡಾಗ ಆ ಮರವನ್ನು ನೋಡುವ ರೀತಿಯೇ ಬದಲಾಗುತ್ತದೆ.

ಕೇಸರಿ ಬಣ್ಣಕ್ಕೆ ಮುತ್ತುಗದ ಹೂ. ಇದು ಫೆಬ್ರವರಿ, ಮಾರ್ಚ್‌ನಲ್ಲಿ ಅರಳುತ್ತದೆ. ಆಗಲೇ ಕೆಳಗೆ ಬಿದ್ದ ಹೂ ಆರಿಸಿ ನೆರಳಲ್ಲಿ ಒಣಗಿಸಿ ಡಬ್ಬಿಯಲ್ಲಿಡಿ. ಎರಡು ಹಿಡಿ ಒಣ ಹೂವನ್ನು 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಬಟ್ಟೆಯಲ್ಲಿ ಸೋಸಿ. ಹಬ್ಬವನ್ನು ಆಗಸ್ಟ್ ನಂತರ ಮಾಡುವುದಾದರೆ ಪಾರಿಜಾತದ ಕೇಸರಿ ತೊಟ್ಟುಗಳೂ ಸಿಗುತ್ತವೆ. ಬೆಳಗಿನ ಜಾವ ಬಿದ್ದ ಹೂವಿನ ತೊಟ್ಟು ಬಿಡಿಸಿ ಬಿಸಿನೀರಿಗೆ ಹಾಕಿದರೆ ಹೊಂಬಣ್ಣ ಇಳಿಯುತ್ತದೆ. ಬಿಳಿ ಎಸಳು ಬೇಕಿಲ್ಲ.

ಗಾಢ ನೇರಳೆಗೆ ಬಸಳೆ ಹಣ್ಣು. ಕುದಿಸಬೇಕಾಗಿಲ್ಲ, ಹಿಸುಕಿ ಸೋಸಿದರೆ ಮುಗಿಯಿತು. ಆದರೆ ಬಿಸಿಲಿಗೆ ಕೆಲವೇ ದಿನದಲ್ಲಿ ಮಾಸುತ್ತದೆ. ಮಕ್ಕಳಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಆಮೇಲೆ ಬೇಸರಪಟ್ಟುಕೊಳ್ಳುತ್ತಾರೆ.

ಕಪ್ಪಿಗೆ ಅಳಲೆಕಾಯಿ. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ನಾಲ್ಕೈದು ಕಾಯಿ ಜಜ್ಜಿ ನೀರಿನಲ್ಲಿ ಕುದಿಸಿದರೆ ಕಂದು ಹಳದಿ ಕಷಾಯ ಬರುತ್ತದೆ. ಅದಕ್ಕೆ ತುಕ್ಕು ಹಿಡಿದ ನಾಲ್ಕು ಮೊಳೆ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ನೋಡಿದರೆ ಶಾಯಿಯಂತೆ ಕಪ್ಪು. ಅಳಲೆಯ ಒಗರು ಕಬ್ಬಿಣದ ಜೊತೆ ಸೇರಿದ್ದರಿಂದ ಹೀಗಾಗುತ್ತದೆ. ಹಬ್ಬದ ದಿನವೂ ಒಂದು ಗಾಜಿನ ಲೋಟದಲ್ಲಿ ಕಷಾಯ, ಇನ್ನೊಂದರಲ್ಲಿ ತುಕ್ಕಿನ ನೀರು ಇಟ್ಟು ಮಕ್ಕಳ ಮುಂದೆಯೇ ಬೆರೆಸಿ ತೋರಿಸಿ. ಮೊಳೆ ಮುಟ್ಟುವ ಕೆಲಸ ದೊಡ್ಡವರದು.

ಕೆಂಪಿಗೆ ಅರಿಶಿನ ಮತ್ತು ಸುಣ್ಣ, ನಮ್ಮ ಓಕುಳಿಯದೇ ಲೆಕ್ಕ. ಅರಿಶಿನದ ನೀರಿನಿಂದ ಕಾಗದದ ಮೇಲೆ ಬಳಿದು ಒಣಗಿಸಿ, ಆಮೇಲೆ ತೆಳ್ಳನೆಯ ಸುಣ್ಣದ ತಿಳಿನೀರಲ್ಲಿ ಕಡ್ಡಿ ಅದ್ದಿ ಗೆರೆ ಎಳೆದರೆ ಹಳದಿಯ ಮೇಲೆ ಕೆಂಪು ಗೆರೆ ಮೂಡುತ್ತದೆ. ಸುಣ್ಣ ಕಣ್ಣಿಗೆ ಹೋಗಬಾರದು. ಆದ್ದರಿಂದ ಈ ಮೇಜಿನ ಹತ್ತಿರ ಒಬ್ಬ ದೊಡ್ಡವರು ಕೂತೇ ಇರಬೇಕು.

ಬಣ್ಣ ಕಾಗದಕ್ಕೆ ಹಿಡಿಯಲು ಪ್ರತಿ ಬಟ್ಟಲಿಗೆ ಅರ್ಧ ಚಮಚ ಜಾಲಿ ಅಂಟನ್ನು ನೀರಲ್ಲಿ ಕರಗಿಸಿ ಸೇರಿಸಿ. ಬಟ್ಟೆಯ ಮೇಲೆ ಮಾಡುವುದಿದ್ದರೆ ಹಳೆಯ ಹತ್ತಿ ಪಂಚೆಯ ತುಂಡುಗಳನ್ನು ಪಟಿಕದ ನೀರಿನಲ್ಲಿ ಅದ್ದಿ ಒಣಗಿಸಿಡಿ. 1 ಲೀಟರ್ ನೀರಿಗೆ 2 ಚಮಚ ಪಟಿಕದ ಪುಡಿ. ಬಣ್ಣ ಕಾಯಿಸಿದ ಪಾತ್ರೆಯನ್ನು ಅಡುಗೆಗೆ ವಾಪಸ್ ಒಯ್ಯಬೇಡಿ.

ಆ ದಿನ ಬೆಳಿಗ್ಗೆ: ಮೊದಲು ನಡಿಗೆ

ಬಂದ ಕೂಡಲೇ ಬಣ್ಣದ ಮೇಜಿಗೆ ಬಿಟ್ಟರೆ ಮಕ್ಕಳು ಅಲ್ಲಿಂದ ಏಳುವುದಿಲ್ಲ. ಆದ್ದರಿಂದ ಮೊದಲ ಒಂದು ಗಂಟೆ ನಡಿಗೆ. 12 ಜನರ ಗುಂಪು, ಪ್ರತಿ ಗುಂಪಿನಲ್ಲಿ ಒಬ್ಬ ಹಿರಿಯರು, ದಾರಿ ತೋರಿಸುವ ಒಂದು ಮಗು. ಆರೇಳು ಗಿಡ ನೋಡಿದರೆ ಸಾಕು. ಪ್ರತಿ ಗಿಡದ ಹತ್ತಿರ ನಿಂತು ಮುಟ್ಟಿ, ಮೂಸಿ, ಒಂದು ಕತೆ ಕೇಳಿ.

ಕರಿಬೇವಿನ ಗಿಡದಲ್ಲಿ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವುದನ್ನು ಹುಡುಕಲು ಹೇಳಿ. ಅದು ಕಾಮನ್ ಮಾರ್ಮನ್ ಎಂಬ ಚಿಟ್ಟೆಯ ಎಳೆಯ ಹುಳು. ದೊಡ್ಡದಾದ ಮೇಲೆ ಹಸಿರಾಗುತ್ತದೆ. ಎಕ್ಕದ ಮೇಲೆ ಪಟ್ಟೆಪಟ್ಟೆಯ ಹುಳು ಸಿಕ್ಕರೆ ಅದು ಪ್ಲೇನ್ ಟೈಗರ್ ಚಿಟ್ಟೆಯದು. ಎಕ್ಕ ಕಡಿದರೆ ಆ ಚಿಟ್ಟೆಗೆ ಮೊಟ್ಟೆ ಇಡಲು ಜಾಗ ಹುಡುಕಿಕೊಂಡು ಅಲೆಯಬೇಕು. ನಮ್ಮ ನೆಲದ ಗಿಡ ಯಾಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಅತ್ತಿ ಮರ ಇದ್ದರೆ ಬಿದ್ದ ಹಣ್ಣೊಂದನ್ನು ಬಿಡಿಸಿ ತೋರಿಸಿ. ಒಳಗೆ ಹುಳ ಎಂದು ಮೂಗು ಮುರಿಯುತ್ತೇವೆ. ಆದರೆ ಅತ್ತಿಯ ಹೂಗಳಿರುವುದು ಆ ಹಣ್ಣಿನ ಒಳಗೇ. ಸಾಸಿವೆಗಿಂತ ಚಿಕ್ಕ ಕಣಜವೊಂದು ಒಳಗೆ ನುಗ್ಗಿ ಪರಾಗ ತಲುಪಿಸದಿದ್ದರೆ ಬೀಜ ಕಟ್ಟುವುದಿಲ್ಲ. ಆ ಕಣಜಕ್ಕೂ ಮೊಟ್ಟೆ ಇಡಲು ಬೇರೆ ಮನೆ ಇಲ್ಲ. ಇದನ್ನು ಕೇಳಿದ ಒಬ್ಬ ಹುಡುಗ ಆ ಹಣ್ಣನ್ನು ಮೆಲ್ಲಗೆ ಮುಚ್ಚಿ ಮತ್ತೆ ಬುಡದಲ್ಲಿಟ್ಟ.

ನಡಿಗೆಗೆ ಒಂದೇ ನಿಯಮ: ಬಿದ್ದದ್ದನ್ನು ಆರಿಸಬಹುದು, ಗಿಡದಿಂದ ಕೀಳಬಾರದು. ಚಿತ್ರಕ್ಕೆ ಹಸಿ ಎಲೆ ಬೇಕಾದರೆ ಸಂಘಟಕರು ಮೊದಲೇ ಮನೆಯವರನ್ನು ಕೇಳಿ ಸ್ವಲ್ಪ ಕೊಯ್ದು ತಂದಿರಬೇಕು. ಪ್ರತಿ ಮಗುವಿನ ಕೈಗೆ ಒಂದು ಬಟ್ಟೆ ಚೀಲ ಕೊಡಿ.

ಕಲೆಯ ಮೇಜುಗಳು

ಎಲ್ಲವನ್ನೂ ಮಾಡಲು ಹೋಗಬೇಡಿ. ಮೂರು ಜಾಗ ಸಾಕು.

ಎಲೆಯ ಅಚ್ಚು. ಇದು ಮೂರು ವರ್ಷದ ಮಗುವಿನಿಂದ ತಾತನವರೆಗೆ ಎಲ್ಲರಿಗೂ ಆಗುತ್ತದೆ. ಎಲೆಯ ಹಿಂಭಾಗ ಮೇಲೆ ಬರುವಂತೆ ಇಟ್ಟು, ಮೇಲೆ ತೆಳು ಕಾಗದ ಹಾಸಿ, ಕ್ರೇಯಾನ್ ಅನ್ನು ಅಡ್ಡಕ್ಕೆ ಹಿಡಿದು ಉಜ್ಜಬೇಕು. ನರಗಳೆಲ್ಲ ಎದ್ದು ಬರುತ್ತವೆ. ದೊಡ್ಡ ಮಕ್ಕಳಿಗೆ ಪಟಿಕದಲ್ಲಿ ಅದ್ದಿದ ಬಟ್ಟೆ ಕೊಡಿ. ಎಳೆಯ ಎಲೆಯನ್ನು ಬಟ್ಟೆಯ ಎರಡು ಪದರದ ನಡುವೆ ಇಟ್ಟು, ಕೆಳಗೆ ಮರದ ಹಲಗೆ ಇಟ್ಟು, ಸುತ್ತಿಗೆಯಿಂದ ಮೆಲ್ಲಗೆ ಅಂಚಿನಿಂದ ಕುಟ್ಟುತ್ತಾ ಬಂದರೆ ಎಲೆಯ ರಸವೇ ಅಚ್ಚಾಗುತ್ತದೆ. ತೇಗದ ಚಿಗುರು ಸಿಕ್ಕರೆ ಬಿಡಬೇಡಿ. ಹಸಿರು ಎಲೆಯಿಂದ ಕೆಂಪು ಬರುವುದನ್ನು ನೋಡಿ ದೊಡ್ಡವರೂ ಬೆರಗಾಗುತ್ತಾರೆ. ಸುಮ್ನೆ ಅಂಗೈಯಲ್ಲಿ ಉಜ್ಜಿದರೂ ಕೈ ಕೆಂಪಾಗುತ್ತದೆ.

ಅರಳಿ ಎಲೆಯ ಬಲೆ ಮಾಡಬೇಕೆಂದರೆ ಮೂರು ವಾರ ಮೊದಲೇ ಎಲೆಗಳನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಹಸಿರೆಲ್ಲ ಕೊಳೆತ ಮೇಲೆ ಹಳೆಯ ಟೂತ್‌ಬ್ರಷ್‌ನಿಂದ ಮೃದುವಾಗಿ ತೊಳೆದರೆ ನರಗಳ ಬಲೆ ಉಳಿಯುತ್ತದೆ. ವಾಸನೆ ಬರುತ್ತದೆ, ಬಕೆಟ್ ಅನ್ನು ಮನೆಯಿಂದ ದೂರ ಇಡಿ.

ಎರಡನೆಯದು ಗೋಡೆ ಚಿತ್ರ, ದೊಡ್ಡವರು ಮಕ್ಕಳು ಸೇರಿ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಹಸೆ ಚಿತ್ತಾರದಿಂದ ನಾವು ಇದನ್ನು ಕಲಿತೆವು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಸಾಮಾನೆಲ್ಲ ಹೊಲದಿಂದಲೇ ಬಂದದ್ದು. ಗೋಡೆ ಇಲ್ಲದಿದ್ದರೆ ಕೆಮ್ಮಣ್ಣು ಬಳಿದ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಜೋಡಿಸಿ. ಆದರೆ ಒಂದು ಮಾತು. ಅವರ ಮದುವೆ ಮನೆಯ ಚಿತ್ತಾರವನ್ನು ನೋಡಿ ನಕಲು ಮಾಡಿಸಬೇಡಿ. ಇದು ಯಾರ ಕಲೆ, ಎಲ್ಲಿಯದು ಎಂದು ಮಕ್ಕಳಿಗೆ ಹೇಳಿ. ಗೆರೆಗಳ ಶಿಸ್ತು ಕಲಿಸಿ, ಚಿತ್ರಕ್ಕೆ ನಿಮ್ಮ ಬೀದಿಯ ಮರಗಳನ್ನೇ ತನ್ನಿ. ಆ ಕಲೆ ಬಲ್ಲವರು ಹತ್ತಿರದಲ್ಲಿದ್ದರೆ ಅವರನ್ನೇ ಕರೆದು, ದುಡ್ಡು ಕೊಟ್ಟು ಕಲಿಸಲು ಕೇಳಿ.

ಮೂರನೆಯದು ಎಲೆ ಹಚ್ಚುವುದು. ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹಚ್ಚಿ ಊಟದ ಎಲೆ ಮಾಡುವುದು ಗೊತ್ತಿರುವ ಅಜ್ಜಿಯರು ಇನ್ನೂ ಇದ್ದಾರೆ. ಈ ಜಮಖಾನ ಅವರದು. ಕಲಿತವರ ಎಲೆಯಲ್ಲೇ ಮಧ್ಯಾಹ್ನ ಅವರಿಗೆ ಊಟ ಬಡಿಸಿ. ಸೋರುವ ಎಲೆಯಾದರೂ ಮಕ್ಕಳು ಬಿಟ್ಟುಕೊಡುವುದಿಲ್ಲ.

ಲಂಟಾನ ಹತ್ತಿರದಲ್ಲಿದ್ದರೆ ಅದರ ಕಡ್ಡಿಯಿಂದ ಚಿತ್ರಗಳಿಗೆ ಚೌಕಟ್ಟು ಕಟ್ಟಬಹುದು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದಿಂದ ಕುರ್ಚಿ, ಬುಟ್ಟಿಗಳನ್ನೇ ಮಾಡುತ್ತಾರೆ. ಹಣ್ಣು, ಹೂ ಎಲ್ಲ ತೆಗೆದ ಬರೀ ಕಡ್ಡಿ ಮಾತ್ರ ತನ್ನಿ, ಬೀಜ ಹೊಸ ಜಾಗಕ್ಕೆ ಹೋಗಬಾರದು.

ಜೋಪಾನ

ಒಂದು ವರ್ಷ ನಾವು ಬೀಜದಿಂದ ರಂಗೋಲಿ ಹಾಕಿಸಿದೆವು. ಯಾರೋ ಚೆಂದ ಕಾಣುತ್ತದೆಂದು ಗುಲಗಂಜಿ ತಂದಿದ್ದರು. ಎರಡು ವರ್ಷದ ಮಗು ಒಂದನ್ನು ಬಾಯಿಗೆ ಹಾಕಿಕೊಂಡಿತು. ತಾಯಿ ಆ ಕ್ಷಣವೇ ಬೆರಳು ಹಾಕಿ ತೆಗೆದರು, ಬೀಜ ಒಡೆದಿರಲಿಲ್ಲ. ಆದರೂ ಆಸ್ಪತ್ರೆಗೆ ಹೋಗಿ ತೋರಿಸಿದ ಮೇಲೇ ನಮಗೆಲ್ಲ ಉಸಿರು ಬಂದದ್ದು. ಗುಲಗಂಜಿ ಅಷ್ಟು ವಿಷ. ಅದನ್ನು ಯಾವ ಕಾರಣಕ್ಕೂ ಮಕ್ಕಳ ಹಬ್ಬಕ್ಕೆ ತರಬೇಡಿ.

ಕಣಗಿಲೆ, ಹಳದಿ ಕಣಗಿಲೆಯ ಕಾಯಿ, ದತ್ತೂರಿಯೂ ಹಾಗೆಯೇ ದೂರ ಇರಲಿ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕೆಟ್ಟದ್ದು, ನೋಡಿ ಬಂದರೆ ಸಾಕು, ಮುರಿಯುವುದು ಬೇಡ. ಹಳ್ಳಿಯ ಬೇಲಿ ಸುತ್ತುವವರು ನಸುಗುನ್ನಿ ಕಾಯಿಯ ಬಗ್ಗೆ ಎಚ್ಚರವಾಗಿರಿ, ಅದರ ರೋಮ ತಗುಲಿದರೆ ವಿಪರೀತ ತುರಿಕೆ. ಔಷಧಿ ಗಿಡ ಎಂದು ಅಲ್ಲೇ ಕಷಾಯ ಮಾಡಿ ಕುಡಿಸುವುದನ್ನು ನಾವು ಬೇಡ ಎಂದಿದ್ದೇವೆ. ಗಿಡದ ಗುರುತು ಸ್ವಲ್ಪ ತಪ್ಪಿದರೂ ಕಷ್ಟ. ಪ್ರಥಮ ಚಿಕಿತ್ಸೆಯ ಡಬ್ಬಿ, ಕೈತೊಳೆಯಲು ನೀರು, ಸೋಪು ಒಂದು ಮೂಲೆಯಲ್ಲಿ ಇರಲಿ.

ಬಿತ್ತುವುದು

ಈಗ ನಾವು ಸಸಿ ಹಂಚುವುದಿಲ್ಲ, ಬೀಜ ಬಿತ್ತಿಸುತ್ತೇವೆ. ಪ್ರತಿ ಮನೆಗೆ ತೊಳೆದ ಎರಡು ಹಾಲಿನ ಪ್ಯಾಕೆಟ್. ತಳದಲ್ಲಿ ನಾಲ್ಕು ತೂತು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಹಳೆಯ ಗೊಬ್ಬರ, ಒಂದು ಪಾಲು ಮರಳು. ಹೊಂಗೆ ಬೀಜವನ್ನು ರಾತ್ರಿ ನೆನೆಸಿ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಹಾಕಿದರೆ ಎರಡು ವಾರದ ಆಸುಪಾಸಿನಲ್ಲಿ ಮೊಳಕೆ ಕಾಣುತ್ತದೆ. ಮಕ್ಕಳಿಗೆ ಮೊದಲ ಸಲಕ್ಕೆ ಹೊಂಗೆಯೇ ಒಳ್ಳೆಯದು, ಸುಲಭಕ್ಕೆ ನಿರಾಸೆ ಮಾಡುವುದಿಲ್ಲ. ಅದರ ಬೀಜ ಕೆಲವು ತಿಂಗಳು ತಡೆಯುತ್ತದೆ. ಬೇವು, ನೇರಳೆ ಹಾಗಲ್ಲ. ಹಣ್ಣಿನ ತಿರುಳು ತೊಳೆದು ಅದೇ ವಾರ ಬಿತ್ತಬೇಕು. ಡಬ್ಬಿಯಲ್ಲಿಟ್ಟು ಮುಂದಿನ ವರ್ಷಕ್ಕೆ ಎಂದರೆ ಬರುವುದಿಲ್ಲ.

ಬೀಜ ಯಾವ ಮರದ್ದು ಎಂಬುದೂ ಮುಖ್ಯ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರು ಕಾಡಿನಲ್ಲಿ ತಾಯಿ ಮರವನ್ನು ಗುರುತಿಸಿ, ಅದರ ಬೀಜವನ್ನು ಸರಿಯಾದ ಹೊತ್ತಿಗೆ ತರುವುದರಲ್ಲಿ ಹೆಸರಾದವರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬದುಕಿಡೀ ದುಡಿದರು. ಪದ್ಮಶ್ರೀ ಬಂತು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ಕತೆ ಹೇಳಿ, ನಿಮ್ಮ ಬಡಾವಣೆಯಲ್ಲಿ ಚೆನ್ನಾಗಿ ಬೆಳೆದ, ರೋಗವಿಲ್ಲದ, ವಯಸ್ಸಾದ ಹೊಂಗೆ ಯಾವುದು ಎಂದು ಮಕ್ಕಳಿಂದಲೇ ಆರಿಸಿ. ನಮ್ಮ ಮಕ್ಕಳು ದೀಪದ ಮರವನ್ನೇ ಆರಿಸಿದರು.

ಬೀಜದುಂಡೆ ಮಾಡಿ ಎಸೆಯೋಣ ಎಂದು ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಮಕ್ಕಳಿಗೆ ಮಣ್ಣು ಕಲಸುವುದು ಖುಷಿ, ಒಪ್ಪುತ್ತೇನೆ. ಆದರೆ ನಮ್ಮ ಅನುಭವದಲ್ಲಿ ಎಸೆದವು ಒಣಗಿ ಕಲ್ಲಾದವು, ಉಳಿದದ್ದನ್ನು ಇರುವೆ, ಇಲಿ ಒಯ್ದವು. ನೋಡಿಕೊಳ್ಳುವವರಿದ್ದರೆ ಎರಡು ಸಸಿ ಸಾಕು.

ಊಟ

ಸರಳವಾಗಿರಲಿ. ನಾವು ಒಂದೆಲಗದ ತಂಬುಳಿ, ಬೆರಕೆ ಸೊಪ್ಪಿನ ಸಾರು, ಮುದ್ದೆ, ಅನ್ನ, ಮಜ್ಜಿಗೆ ಮಾಡುತ್ತೇವೆ. ಸೊಪ್ಪನ್ನು ಮಾರುವ ಅಮ್ಮನಿಂದಲೇ ಕೊಳ್ಳುತ್ತೇವೆ. ಕೊನೆಗೆ ನೇರಳೆ ಹಣ್ಣು, ತಿಂದು ಎಲ್ಲರೂ ನಾಲಿಗೆ ಚಾಚಿ ಬಣ್ಣ ನೋಡಿಕೊಳ್ಳುವುದು. ಬೀಜಗಳನ್ನು ಒಂದು ಬಟ್ಟಲಿಗೆ ಹಾಕಿಸಿಕೊಳ್ಳಿ, ಅವೇ ಸಂಜೆಯ ಬಿತ್ತನೆಗೆ. ಪ್ಲಾಸ್ಟಿಕ್ ಲೋಟ ಬೇಡ, ಮನೆಯಿಂದ ಲೋಟ ತರಲು ಆಹ್ವಾನದಲ್ಲೇ ಬರೆಯಿರಿ.

ಹಬ್ಬ ಮುಗಿದ ಮೇಲೆ

ಚಿತ್ರಗಳನ್ನು ಆಯಾ ಮನೆಗೆ ಕಳಿಸಿ. ಮಕ್ಕಳು ಸೇರಿ ಬರೆದ ಬೀದಿಯ ಗಿಡಗಳ ನಕ್ಷೆಯನ್ನು ಮಾತ್ರ ಎಲ್ಲರೂ ಬರುವ ದಿನಸಿ ಅಂಗಡಿಯಲ್ಲಿ ತೂಗುಹಾಕಿ. ನಮ್ಮ ಅಂಗಡಿಯವರು ಅದರ ಪಕ್ಕ ಒಂದು ನೋಟ್‌ಬುಕ್ ಕೂಡ ಕಟ್ಟಿದ್ದಾರೆ. ಯಾವ ಮರ ಯಾವಾಗ ಚಿಗುರಿತು, ಯಾವ ಹಕ್ಕಿ ಬಂತು ಎಂದು ಹಾಲು ತರಲು ಬಂದವರು ಬರೆದು ಹೋಗುತ್ತಾರೆ.

ಮೊಳೆತ ಸಸಿಗಳನ್ನು ಆ ವರ್ಷವೇ ನೆಲಕ್ಕೆ ಹಾಕಬೇಡಿ. ಒಂದು ವರ್ಷ ಮನೆಯಲ್ಲೇ ಬೆಳೆಸಿ, ಮೊಣಕಾಲೆತ್ತರ ಬಂದ ಮೇಲೆ ಮುಂದಿನ ಹಬ್ಬದ ದಿನ ನೆಡಿ. ನೆಡುವ ಜಾಗದ ಮೇಲೆ ವಿದ್ಯುತ್ ತಂತಿ, ಕೆಳಗೆ ನೀರಿನ ಪೈಪ್ ಇದೆಯೇ ನೋಡಿ. ಆಲ, ಅರಳಿಯನ್ನು ಮನೆಯ ಗೋಡೆ ಪಕ್ಕ ಹಾಕಬೇಡಿ. ಆಮೇಲೆ ಒಂದು ಹಾಳೆಯಲ್ಲಿ ಜನವರಿಯಿಂದ ಮೇವರೆಗಿನ ವಾರಗಳನ್ನು ಬರೆದು, ಪ್ರತಿ ವಾರದ ಮುಂದೆ ನೀರು ಹಾಕುವ ಮನೆಯ ಹೆಸರು ಬರೆಸಿಕೊಳ್ಳಿ. ಊಟ ಬಡಿಸುವ ಮೊದಲೇ ಬರೆಸಿಕೊಳ್ಳಿ, ಊಟವಾದ ಮೇಲೆ ಯಾರೂ ಸಿಗುವುದಿಲ್ಲ.

ಕಳೆದ ಬಾರಿ ನಮ್ಮಲ್ಲಿ ಹೀಗೆ 11 ಹೊಂಗೆ ಸಸಿ ನೆಟ್ಟೆವು. ಮಾರ್ಚ್ ಮೂರನೇ ವಾರದ ಪಾಳಿ ದೀಪದ ಮರದ ಅಜ್ಜಿಯ ಮನೆಯದು. ಅವರ ಮೊಮ್ಮಗಳು ಶಾಲೆ ಬಿಟ್ಟು ಬಂದು, ಸಣ್ಣ ಬಿಂದಿಗೆಯಲ್ಲಿ ಎರಡೆರಡು ಸಲ ನೀರು ಹೊತ್ತು ಹಾಕಿ, ನೋಟ್‌ಬುಕ್ಕಿನಲ್ಲಿ “ಹನ್ನೊಂದೂ ಇವೆ” ಎಂದು ಬರೆದು ಹೋಗಿದ್ದಾಳೆ.